ಜೋಳದ ಹೊಲಕ್ಕೆ ಕುಸುಬಿಯ ಅಂಚು: ಸೊಲ್ಲಾಪುರದ ವಾಲಚಂದ ಹಿರಾಚಂದರ ಬದುಕು



ಮೇ 1ರಂದು ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ನಜರೇತಿನ ಆ ಮನೆಯ ಒಲೆ ಉರಿದದ್ದು ಬಡಗಿಯ ಕೈಕೆಲಸದಿಂದ. ನಮ್ಮ ಧರ್ಮಕೇಂದ್ರದ ಬಹುತೇಕ ಮನೆಗಳೂ ಹಾಗೆಯೇ. ಒಂದು ಹೊಲಿಗೆ ಯಂತ್ರ, ಒಂದು ಚಿಕ್ಕ ಅಂಗಡಿ, ಒಂದು ಆಟೋ, ಇಲ್ಲವೇ ಒಬ್ಬರ ಸಂಬಳ. ಅದು ನಡೆದರೆ ಮನೆ ನಡೆಯಿತು, ನಿಂತರೆ ಮನೆಯೂ ನಿಂತಿತು. 2020ರಲ್ಲಿ ಬೀದಿಗೆ ಬೀದಿಯೇ ಬಾಗಿಲು ಹಾಕಿದಾಗ ಇದರ ಅರ್ಥವನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಕ್ಕಲಕೋಟೆ ಕಡೆಯ ನಮ್ಮ ಹಿರಿಯರಿಗೆ ಈ ಮಾತು ಹೊಸದಲ್ಲ. ಹಿಂಗಾರಿ ಜೋಳ ಬಿತ್ತುವಾಗ ಹೊಲದ ಅಂಚಿಗೆ ಕುಸುಬಿಯ ಸಾಲು ಹಾಕುವುದು ಈ ಸೀಮೆಯ ಹಳೆಯ ರೂಢಿ. ಕುಸುಬಿಗೆ ಮುಳ್ಳು ಇರುವುದರಿಂದ ದನ ಒಳಗೆ ನುಗ್ಗುವುದಿಲ್ಲ, ಜೋಳ ಉಳಿಯುತ್ತದೆ. ಜೋಳ ಕೈಕೊಟ್ಟ ವರ್ಷ ಕುಸುಬಿ ಎಣ್ಣೆಗಾದರೂ ಆಗುತ್ತದೆ. ಎರಡನೆಯ ಬೆಳೆ ತಾನೂ ಫಲ ಕೊಟ್ಟು ಮೊದಲನೆಯದನ್ನೂ ಕಾಯುತ್ತದೆ. ಈ ಹೊಲದ ಬುದ್ಧಿಯನ್ನು ವ್ಯಾಪಾರಕ್ಕೆ ತಂದ ಒಬ್ಬರು ನಮ್ಮ ಸೊಲ್ಲಾಪುರದಲ್ಲೇ ಹುಟ್ಟಿದ್ದರು. ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬ ಎರಡರಿಂದಲೂ ನಾವು ಕಲಿಯಬಹುದಾದದ್ದಿದೆ. ಆದ್ದರಿಂದ ಈ ತಿಂಗಳು ಅವರ ಬದುಕನ್ನು ನೆನೆಯುತ್ತಿದ್ದೇವೆ.

ವಾಲಚಂದ ಹಿರಾಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದ ಒಂದು ಜೈನ ಮನೆತನದಲ್ಲಿ ಹುಟ್ಟಿದರು. ಅವರು ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಗುಜರಾತಿನಿಂದ ಬಂದು ಇಲ್ಲಿ ನೆಲೆ ನಿಂತಿದ್ದ ಈ ಮನೆಯವರು ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಮಾಡುತ್ತಿದ್ದರು. ಸೊಲ್ಲಾಪುರದಲ್ಲಿ ಶಾಲೆ ಮುಗಿಸಿದ ವಾಲಚಂದರು ಮುಂಬಯಿಯಲ್ಲಿ ಯೇಸುಸಭೆಯ ಗುರುಗಳು ನಡೆಸುವ ಸಂತ ಝೇವಿಯರ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದರು. ಆದರೆ ಪದವಿ ಪಡೆಯದೆಯೇ ಊರಿಗೆ ಮರಳಿ ಮನೆಯ ವ್ಯಾಪಾರಕ್ಕೆ ಕೈಹಚ್ಚಿದರು.

ಮನೆಯ ಗಾದಿಯ ಮೇಲೆ ಕುಳಿತು ಹತ್ತಿ ಮಾರುತ್ತ, ಬಡ್ಡಿ ಎಣಿಸುತ್ತ ಅವರು ಸುಖವಾಗಿಯೇ ಇರಬಹುದಿತ್ತು. ಆದರೆ ಹತ್ತಿಯೂ ಲೇವಾದೇವಿಯೂ ಮಳೆಯನ್ನೇ ನಂಬಿದ ಕಸುಬುಗಳು. ಮಳೆ ಹೋದರೆ ಹತ್ತಿಯೂ ಇಲ್ಲ, ಸಾಲ ತೀರಿಸುವ ರೈತನ ಕೈಯಲ್ಲಿ ರೊಕ್ಕವೂ ಇಲ್ಲ. ಬರದ ನಾಡಾದ ಸೊಲ್ಲಾಪುರದಲ್ಲಿ ಎರಡು ವ್ಯಾಪಾರ ಇದ್ದರೂ ಅವು ಒಂದೇ ಬೇರಿನವು.

ಅವರು ಕಂಡುಕೊಂಡ ಹೊಸ ದಾರಿ ರೈಲಿನದು. 1903ರ ಸುಮಾರಿಗೆ, ಮೊದಲು ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣ ಬಳವಂತ ಫಾಟಕ ಎಂಬವರ ಜೊತೆ ಪಾಲುದಾರಿಕೆ ಮಾಡಿಕೊಂಡರು. ಫಾಟಕರಿಗೆ ರೈಲ್ವೆ ಕೆಲಸದ ಒಳಹೊರಗು ಗೊತ್ತಿತ್ತು, ವಾಲಚಂದರ ಮನೆಗೆ ಪೇಟೆಯಲ್ಲಿ ಪತ್ತು ಇತ್ತು. ಒಬ್ಬರ ತಿಳಿವಳಿಕೆ, ಇನ್ನೊಬ್ಬರ ಬಂಡವಾಳ. ಅವರ ಮೊದಲ ಗುತ್ತಿಗೆ ನಮ್ಮ ಜಿಲ್ಲೆಯದೇ ಆದ ಬಾರ್ಶಿ ಲೈಟ್ ರೈಲ್ವೆಯ ಕೆಲಸ. ಎರಡೂವರೆ ಅಡಿ ಅಗಲದ ಆ ಪುಟ್ಟ ಹಳಿಯ ಗಾಡಿಯನ್ನು ನಮ್ಮಲ್ಲಿ ಹಿರಿಯರು ಇನ್ನೂ ನೆನೆಯುತ್ತಾರೆ. ಇಷ್ಟು ಸಣ್ಣದರಿಂದ ಅವರ ದೊಡ್ಡ ಕಥೆ ಶುರುವಾಯಿತು.

ಮುಂದೆ ಗುತ್ತಿಗೆಗಳು ಬೆಳೆದವು. 1920ರಲ್ಲಿ ಟಾಟಾ ಮನೆತನದೊಂದಿಗೆ ಸೇರಿ ಟಾಟಾ ಕನ್‌ಸ್ಟ್ರಕ್ಷನ್ ಕಂಪನಿ, 1926ರಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ. ನಾವು ಸೊಲ್ಲಾಪುರದಿಂದ ಮುಂಬಯಿಗೆ ಹೋಗುವಾಗ ಬೋರ್ ಘಾಟಿನಲ್ಲಿ ಕತ್ತಲೆ ಮಾಡಿಕೊಂಡು ದಾಟುವ ಸುರಂಗಗಳಲ್ಲಿ ಅವರ ಕಂಪನಿ ಕೊರೆದವು ಇವೆ. ತಾನಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆಯ ಕೆಲಸವನ್ನೂ ಅವರ ಕಂಪನಿ ಮಾಡಿತು.

ಆದರೆ ಗುತ್ತಿಗೆಯ ಸ್ವಭಾವ ಗುತ್ತಿಗೆ ಮಾಡಿದವರಿಗೇ ಗೊತ್ತು. ಕೂಲಿ ವಾರ ವಾರ ಕೊಡಬೇಕು, ಬಿಲ್ಲು ಮಂಜೂರಾಗಿ ದುಡ್ಡು ಕೈಸೇರುವುದು ತಿಂಗಳುಗಳ ಮೇಲೆ. ಒಂದು ಕೆಲಸ ಮುಗಿದು ಇನ್ನೊಂದು ಸಿಗುವ ತನಕ ಯಂತ್ರಗಳೂ ಖಾಲಿ, ಜನರೂ ಖಾಲಿ. ನಮ್ಮಲ್ಲಿ ಗಾರೆ ಕೆಲಸ, ಬಣ್ಣ ಹೊಡೆಯುವ ಕೆಲಸ ಹಿಡಿಯುವವರು ಈ ಕಷ್ಟವನ್ನು ಚಿಕ್ಕ ಅಳತೆಯಲ್ಲಿ ದಿನವೂ ಉಣ್ಣುತ್ತಾರೆ.

ಇದಕ್ಕೆ ಜೋಡಿಯಾಗಿ ವಾಲಚಂದರು ನೆಲದ ಕಡೆ ತಿರುಗಿದರು. 1923ರಲ್ಲಿ ನಾಸಿಕ ಜಿಲ್ಲೆಯ ಮಾಲೇಗಾವ ಹತ್ತಿರದ ರಾವಳಗಾವದಲ್ಲಿ ಬಂಜರು ಜಮೀನು ಕೊಂಡರು. ಕಲ್ಲು ತೆಗೆದು, ನೀರು ಹಾಯಿಸಿ, ಕಬ್ಬು ಬೆಳೆಸಿದರು. ಹೊರಗಿನಿಂದ ಬರುವ ಸಕ್ಕರೆಯ ಮೇಲೆ ಸರ್ಕಾರ 1932ರಲ್ಲಿ ಸುಂಕದ ರಕ್ಷಣೆ ಕೊಟ್ಟಾಗ ದೇಶದಲ್ಲಿ ಸಕ್ಕರೆ ಕಾರ್ಖಾನೆಗೆ ಕಾಲ ಕೂಡಿಬಂತು. ಅಷ್ಟರಲ್ಲಿ ಅವರ ಹೊಲದಲ್ಲಿ ಕಬ್ಬು ಸಿದ್ಧವಿತ್ತು. 1933ರಲ್ಲಿ ರಾವಳಗಾವದಲ್ಲಿ ಕಾರ್ಖಾನೆ ಎದ್ದಿತು. 1942ರಿಂದ ಅಲ್ಲಿಯ ಸಕ್ಕರೆಯಿಂದ ಮಿಠಾಯಿ ಮಾಡತೊಡಗಿದರು. ನಮ್ಮ ಬಾಲ್ಯದಲ್ಲಿ ಅಂಗಡಿಯ ಗಾಜಿನ ಬರಣಿಯಿಂದ ಕೊಂಡು ಚೀಪಿದ ರಾವಳಗಾವ ಮಿಠಾಯಿ ಅದೇ. ಇತ್ತ ಇಂದಾಪುರ ತಾಲೂಕಿನ ಕಳಂಬದಲ್ಲಿ ಇನ್ನೊಂದು ಕಬ್ಬಿನ ತೋಟ, ಸಕ್ಕರೆ ಕಾರ್ಖಾನೆ ಬೆಳೆದು ಆ ಊರೇ ವಾಲಚಂದನಗರವಾಯಿತು. ಆ ಕಾರ್ಖಾನೆಯ ಯಂತ್ರಗಳನ್ನು ರಿಪೇರಿ ಮಾಡುತ್ತ ಪಳಗಿದ ಕೈಗಳಿದ್ದ ಊರಿನಲ್ಲಿ ಮುಂದೆ ಬೇರೆ ಸಕ್ಕರೆ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳೇ ತಯಾರಾದವು.

ಇಲ್ಲಿ ಒಂದು ಕ್ಷಣ ನಿಂತು ನೋಡೋಣ. ಕಬ್ಬಿನಿಂದ ಸಕ್ಕರೆ, ಸಕ್ಕರೆಯಿಂದ ಮಿಠಾಯಿ, ರಿಪೇರಿಯಿಂದ ಯಂತ್ರ. ಪ್ರತಿಯೊಂದು ಹೊಸ ಆದಾಯವೂ ಹಳೆಯ ಕೆಲಸ ಕೊಟ್ಟ ಸರಕಿನಿಂದ ಇಲ್ಲವೇ ಹಳೆಯ ಕೆಲಸ ಕಲಿಸಿದ ಕೈಯಿಂದ ಹುಟ್ಟಿತು. ಇನ್ನೂ ಒಂದು ಮಾತಿದೆ. ರೈಲ್ವೆ ಕೆಲಸಕ್ಕೆ ಗಿರಾಕಿ ಸರ್ಕಾರ ಮತ್ತು ರೈಲ್ವೆ ಕಂಪನಿಗಳು, ಮಿಠಾಯಿಗೆ ಗಿರಾಕಿ ಊರೂರಿನ ಮಕ್ಕಳು. ಸರ್ಕಾರದ ಬಿಲ್ಲು ತಡವಾದರೂ ಮಗುವಿನ ಕೈಯ ಪುಡಿಗಾಸು ತಡವಾಗುವುದಿಲ್ಲ.

ಈ ಎರಡನೆಯ ಮಾತು ಎಷ್ಟು ಮುಖ್ಯ ಎಂಬುದನ್ನು ಅವರ ಸೋಲುಗಳು ಹೇಳುತ್ತವೆ. 1919ರಲ್ಲಿ ಅವರೂ ನರೋತ್ತಮ ಮೊರಾರ್ಜಿ ಮೊದಲಾದ ಗೆಳೆಯರೂ ಸೇರಿ, ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿದ್ದ ಲಾಯಲ್ಟಿ ಎಂಬ ಹಡಗನ್ನು ಗ್ವಾಲಿಯರಿನ ಸಿಂಧಿಯಾ ಮಹಾರಾಜರಿಂದ ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಕಟ್ಟಿದರು. ಆ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಅದರ ನೆನಪಿಗೇ ಏಪ್ರಿಲ್ 5ನ್ನು ರಾಷ್ಟ್ರೀಯ ಕಡಲಯಾನ ದಿನವೆಂದು ಆಚರಿಸುತ್ತಾರೆ. ಆದರೆ ಬ್ರಿಟಿಷ್ ಹಡಗು ಕಂಪನಿಗಳು ಸರಕಿನ ಬಾಡಿಗೆ ಇಳಿಸಿ ಇಳಿಸಿ ಹೊಸಬರನ್ನು ಹಿಂಡಿದವು. 1923ರಲ್ಲಿ ಲಾಯಲ್ಟಿ ಗುಜರಿಗೆ ಹೋಯಿತು. ಅದೇ ವರ್ಷ ಮಾಡಿಕೊಂಡ ಒಪ್ಪಂದದಿಂದ ಕಂಪನಿ ಕರಾವಳಿಯ ವ್ಯಾಪಾರಕ್ಕಷ್ಟೇ ಸೀಮಿತವಾಗಿ ಉಳಿಯಬೇಕಾಯಿತು. ಪಾಲುದಾರರು ಹಡಗೊಂದನ್ನೇ ನಂಬಿದವರಾಗಿರಲಿಲ್ಲ. ವಾಲಚಂದರಿಗೆ ಗುತ್ತಿಗೆ ಕೆಲಸವಿತ್ತು, ನರೋತ್ತಮ ಮೊರಾರ್ಜಿಯವರಿಗೆ ಬಟ್ಟೆ ಗಿರಣಿಗಳಿದ್ದವು. ನಷ್ಟದ ವರ್ಷಗಳಲ್ಲಿ ಅಂಥವರ ಬೆಂಬಲವಿದ್ದ ಕಂಪನಿ ಮುಳುಗಲಿಲ್ಲ.

ವಿಮಾನದ ಕಥೆ ಬೆಂಗಳೂರಿನದು. ಎರಡನೆಯ ಮಹಾಯುದ್ಧ ನಡೆದಿದ್ದಾಗ, ಮೈಸೂರು ಸಂಸ್ಥಾನದ ಬೆಂಬಲದೊಂದಿಗೆ, ದಿವಾನ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಆದರೆ ವಿಮಾನ ಕೊಳ್ಳುವ ಗಿರಾಕಿ ಒಬ್ಬನೇ, ಸರ್ಕಾರ. 1941ರಲ್ಲಿ ಭಾರತ ಸರ್ಕಾರ ಪಾಲು ಕೇಳಿ ಒಳಗೆ ಬಂತು. 1942ರಲ್ಲಿ ವಾಲಚಂದರ ಪಾಲನ್ನೇ ಕೊಂಡು ಅವರನ್ನು ಹೊರಗೆ ಕಳಿಸಿತು. ವಿಶಾಖಪಟ್ಟಣದಲ್ಲಿ ಸಿಂಧಿಯಾ ಕಂಪನಿ ಕಟ್ಟಿದ ಹಡಗುಕಟ್ಟೆಯಿಂದ ಜಲಉಷಾ ಎಂಬ ಹಡಗನ್ನು 1948ರ ಮಾರ್ಚ್ 14ರಂದು ಪ್ರಧಾನಿ ನೆಹರೂ ನೀರಿಗಿಳಿಸಿದರು. 1952ರಲ್ಲಿ ಆ ಹಡಗುಕಟ್ಟೆಯ ಹೆಚ್ಚಿನ ಪಾಲೂ ಸರ್ಕಾರದ್ದಾಯಿತು. 1944ರಲ್ಲಿ ಶುರುಮಾಡಿದ ಪ್ರೀಮಿಯರ್ ಆಟೊಮೊಬೈಲ್ಸ್ ಮಾತ್ರ, ಕಾರು ಕೊಳ್ಳುವ ಸಾವಿರ ಜನರನ್ನು ನಂಬಿದ್ದು, ಮನೆತನದ ಕೈಯಲ್ಲೇ ಉಳಿಯಿತು.

ಬೆಂಗಳೂರಿನ ಆ ಕಾರ್ಖಾನೆಯೂ ಮುಂದೆ ಇದೇ ಪಾಠವನ್ನು ಕಲಿಯಿತು. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ, ತಗಡು ಬಗ್ಗಿಸಿ ಜೋಡಿಸಲು ಕಲಿತಿದ್ದ ಅದರ ಕೆಲಸಗಾರರು ರೈಲು ಡಬ್ಬಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿದರು. ವಿಮಾನ ಕಟ್ಟಿದ ಕೈ ಬಸ್ಸು ಕಟ್ಟಲು ನಾಚಲಿಲ್ಲ. ಹಾಗಾಗಿ ಕಾರ್ಖಾನೆಯ ಕೆಲಸ ನಿಲ್ಲಲಿಲ್ಲ.

ಇತ್ತ ಸೊಲ್ಲಾಪುರದಲ್ಲಿ ಆದದ್ದು ಬೇರೆ. 1877ರಲ್ಲಿ ಶುರುವಾದ ಜುನಿ ಗಿರಣಿಯ ಭೋಂಗಾ ಕೇಳಿ ಏಳುತ್ತಿದ್ದ ಊರು ಇದು. 1949ರಲ್ಲಿ ಆ ಗಿರಣಿ ಬಾಗಿಲು ಹಾಕಿತು. 1950ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅದರ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಆ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. ಕಾನೂನಿನ ಪುಸ್ತಕಗಳಲ್ಲಿ ಅದು ಆಸ್ತಿಯ ಹಕ್ಕಿನ ಮೊಕದ್ದಮೆ. ಗಿರಣಿಯ ಚಾಳುಗಳಲ್ಲಿ ಅದು ನಿಂತುಹೋದ ಪಗಾರ. ಅಪ್ಪನೂ ಗಿರಣಿ, ಮಗನೂ ಗಿರಣಿ, ಅಳಿಯನೂ ಗಿರಣಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದ ಮನೆಗಳಲ್ಲಿ ಮೂರು ಸಂಬಳ ಬರುತ್ತಿತ್ತು ನಿಜ. ಆದರೆ ಆದಾಯದ ಮೂಲ ಒಂದೇ ಆಗಿತ್ತು.

ಅದೇ 1949ರಲ್ಲಿ ವಾಲಚಂದರಿಗೆ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ಅವರು ವ್ಯವಹಾರದಿಂದ ನಿವೃತ್ತರಾದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಕಣ್ಣು ಮುಚ್ಚಿದರು. ಸೊಲ್ಲಾಪುರದಲ್ಲಿ ನಮ್ಮ ಮಕ್ಕಳೂ ಓದುವ ಕಾಲೇಜುಗಳು ಅವರ ಹೆಸರನ್ನೂ ಅವರ ತಂದೆ ಹಿರಾಚಂದ ನೇಮಚಂದರ ಹೆಸರನ್ನೂ ಹೊತ್ತು ನಿಂತಿವೆ. ಅವರು ಕಟ್ಟಿದ್ದೆಲ್ಲವೂ ಶಾಶ್ವತವಾಗಿ ಉಳಿಯಲಿಲ್ಲ. ರಾವಳಗಾವ ಮಿಠಾಯಿಯ ಹೆಸರು ಕೂಡ 2024ರಲ್ಲಿ ಬೇರೆಯವರ ಪಾಲಾಯಿತು. ಮನುಷ್ಯನ ಕೈಕೆಲಸಕ್ಕೆ ಇರುವ ಆಯುಷ್ಯ ಅಷ್ಟೇ. ಆದರೂ ಒಂದು ಬಾಗಿಲು ಮುಚ್ಚಿದಾಗಲೆಲ್ಲ ಅವರಿಗೆ ಇನ್ನೊಂದು ಬಾಗಿಲು ತೆರೆದೇ ಇತ್ತು. ಏಕೆಂದರೆ ಅದನ್ನು ಅವರು ಮುಂಚೆಯೇ ಕೊರೆದಿಟ್ಟಿದ್ದರು.

ಇಷ್ಟು ದೊಡ್ಡವರ ಕಥೆ ನಮಗೇಕೆ ಎಂದು ಕೇಳಬೇಡಿ. ಜ್ಞಾನೋಕ್ತಿಗಳ ಗ್ರಂಥದ ಕೊನೆಯ ಅಧ್ಯಾಯದ ಗುಣವತಿಯಾದ ಗೃಹಿಣಿ ಸಾಹುಕಾರ್ತಿಯಲ್ಲ, ಮನೆಯಾಕೆ. ಆಕೆ ನೂಲುತ್ತಾಳೆ, ನೇಯ್ದದ್ದನ್ನು ವರ್ತಕರಿಗೆ ಮಾರುತ್ತಾಳೆ, ಹೊಲ ಕೊಳ್ಳುತ್ತಾಳೆ, ದುಡಿದ ಗಳಿಕೆಯಿಂದ ದ್ರಾಕ್ಷಿತೋಟ ಹಾಕುತ್ತಾಳೆ, ಬಡವರಿಗೂ ಕೈನೀಡುತ್ತಾಳೆ. ಸಂತ ಪೌಲರು ಶುಭಸಂದೇಶ ಸಾರುತ್ತಲೇ ಗುಡಾರ ಹೊಲಿದು ತಮ್ಮ ಖರ್ಚು ತಾವೇ ನೋಡಿಕೊಂಡರು. ಅಂಥ ಬುದ್ಧಿ ನಮಗೂ ಬೇಕು.

ಹೊಲಿಗೆ ಅಂಗಡಿಯವರಿಗೆ ಜೂನ್ ತಿಂಗಳ ಶಾಲಾ ಸಮವಸ್ತ್ರವೇ ವರ್ಷದ ದುಡಿಮೆ ಆಗಿದ್ದರೆ, ಉಳಿದ ತುಂಡು ಬಟ್ಟೆಯಿಂದ ಚೀಲ, ದಿಂಬಿನ ಗವಸು ಹೊಲಿದು ಬೇರೆ ಗಿರಾಕಿಗೆ ಮಾರಬಹುದು. ಅಕ್ಕಲಕೋಟೆಯಲ್ಲಿ ಯಾತ್ರಿಕರ ದಟ್ಟಣೆಯನ್ನೇ ನಂಬಿ ಚಹಾ ಅಂಗಡಿ ಇಟ್ಟವರು, ಜನವಿಲ್ಲದ ದಿನಗಳಿಗೆಂದು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಸೊಲ್ಲಾಪುರದ ಅಂಗಡಿಗಳಿಗೆ ಕೊಡಬಹುದು. ಗೊತ್ತಿಲ್ಲದ ಕಸುಬಿಗೆ ಬಡ್ಡಿ ಸಾಲ ತಂದು ಸುರಿಯುವುದು ಬೇಡ. ಮೊದಲ ಅಂಗಡಿ ನಡೆಯುತ್ತಿರುವಾಗಲೇ ಎರಡನೆಯದನ್ನು ಸಣ್ಣದಾಗಿ ಶುರುಮಾಡಬೇಕು. ಎರಡಕ್ಕೂ ಬೇರೆ ಬೇರೆ ಲೆಕ್ಕದ ವಹಿ ಇರಬೇಕು, ಇಲ್ಲವಾದರೆ ಒಂದರ ಲಾಭವನ್ನು ಇನ್ನೊಂದು ತಿನ್ನುವುದು ಕಾಣುವುದೇ ಇಲ್ಲ. ಕೊನೆಗೆ, ಎರಡೂ ಒಬ್ಬನೇ ಗಿರಾಕಿಯನ್ನು ನಂಬಿವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಹೌದಾದರೆ ನಮಗಿರುವುದು ಇನ್ನೂ ಒಂದೇ ಆದಾಯ.

ಒಂದು ಎಚ್ಚರಿಕೆಯೂ ಇರಲಿ. ಎರಡನೆಯ ದುಡಿಮೆ ಭಾನುವಾರದ ಬಲಿಪೂಜೆಯನ್ನೂ ಮಕ್ಕಳೊಂದಿಗೆ ಕುಳಿತು ಉಣ್ಣುವ ಊಟವನ್ನೂ ನುಂಗಬಾರದು. ಕುಸುಬಿಯ ಜಾಗ ಹೊಲದ ಅಂಚು. ಅದು ಹೊಲವನ್ನೆಲ್ಲ ಆವರಿಸಿದರೆ ಜೋಳಕ್ಕೆ ಎಡೆಯಿಲ್ಲ.

ಕಾರ್ಮಿಕರಾದ ಸಂತ ಜೋಸೆಫರು ನಮ್ಮ ಮನೆಗಳಿಗಾಗಿ ಪ್ರಾರ್ಥಿಸಲಿ. ನಮ್ಮ ಕೈಗಳ ದುಡಿಮೆಯನ್ನು ಪ್ರಭು ಹರಸಲಿ.