ಅಂಗಡಿ ಲೆಕ್ಕದಿಂದ ದಿವಾನಗಿರಿಗೆ: ಪೂರ್ಣಯ್ಯನವರು

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿರುವ ಹಳೆಯ ಕಲ್ಲು ಸೇತುವೆಯನ್ನು ನೀವು ನೋಡಿರುತ್ತೀರಿ. ಕಲ್ಲುಕಂಬಗಳ ಮೇಲೆ ಕಲ್ಲಿನದೇ ತೊಲೆ ಹಾಸಿ 1804ರಲ್ಲಿ ಅದನ್ನು ಕಟ್ಟಿಸಿದವರು ದಿವಾನ್ ಪೂರ್ಣಯ್ಯ. ಹೆಸರು ಮಾತ್ರ ಗವರ್ನರ್ ಜನರಲ್ ವೆಲ್ಲೆಸ್ಲಿಯದು!

ಪೂರ್ಣಯ್ಯ 1746ರಲ್ಲಿ ತಮಿಳು ಸೀಮೆಯಲ್ಲಿ ಹುಟ್ಟಿದರು. ಬಡತನ. ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಲೇ ಹೈದರಾಲಿಯ ಕಣ್ಣಿಗೆ ಬಿದ್ದರು. 1782ರಲ್ಲಿ ದಂಡಿನ ನಡುವೆ ಹೈದರ್ ತೀರಿಕೊಂಡಾಗ, ಟಿಪ್ಪು ಬರುವವರೆಗೆ ಸುದ್ದಿ ಹೊರಬೀಳದಂತೆ ನೋಡಿಕೊಂಡವರಲ್ಲಿ ಇವರೂ ಒಬ್ಬರು. ಟಿಪ್ಪುವಿನ ಕಾಲದಲ್ಲಿ ಸರ್ಕಾರದ ಲೆಕ್ಕವನ್ನು ಕನ್ನಡ, ಮರಾಠಿ, ಪಾರಸಿ ಮೂರರಲ್ಲೂ ಇಡುತ್ತಿದ್ದರು. ಆ ಕಡತಗಳ ಒಳಹೊರಗನ್ನು ಪೂರ್ಣಯ್ಯನವರಷ್ಟು ಬಲ್ಲವರು ವಿರಳ.

1799ರ ಮೇ 4ರಂದು ಪಟ್ಟಣ ಬಿತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ ಇಂಗ್ಲಿಷರು ಪೂರ್ಣಯ್ಯನವರನ್ನೇ ದಿವಾನರನ್ನಾಗಿ ಮಾಡಿದರು. ಸೋತವರ ಲೆಕ್ಕಿಗನಿಲ್ಲದೆ ಗೆದ್ದವರಿಗೆ ಕಂದಾಯ ಕೈಗೆ ಬರುವಂತಿರಲಿಲ್ಲ.

ಆಗ ನಮ್ಮ ಸೀಮೆ ಹೇಗಿತ್ತು? 1771ರಲ್ಲಿ ಚಿನಕುರಳಿ ಬಳಿ ಕಾಳಗ, 1792ರಲ್ಲಿ ಮರಾಠರ ದಂಡು ನಾಗಮಂಗಲವನ್ನು ಹಾಳುಗೆಡವಿತ್ತು. ಟಿಪ್ಪುವಿನ ಕಾಲದಲ್ಲಿ ತೊಣ್ಣೂರು ಕೆರೆಯ ಏರಿ ಕಡಿದುಹೋಗಿತ್ತು. ಅತ್ತಿಗುಪ್ಪೆಯಿಂದ (ಇಂದಿನ ಕೃಷ್ಣರಾಜಪೇಟೆ) ಪಟ್ಟಣದವರೆಗೆ ನದಿನೀರು ನಂಬಿದ ರೈತನಿಗೆ ಕಾಲುವೆಯೇ ಜೀವ. ಹೊಸ ದಿವಾನರು ತೊಣ್ಣೂರು ಏರಿಯನ್ನು ಸರಿಪಡಿಸಲು ಕೆಲಸಗಾರರನ್ನು ಹಚ್ಚಿದರು. ಕೆರೆ, ಕಾಲುವೆ, ರಸ್ತೆಗಳಿಗೆ ಹಣ ಕೊಟ್ಟರು.

ಎಲ್ಲವೂ ಕೈಗೂಡಲಿಲ್ಲ. ಸಾಗರಕಟ್ಟೆಯ ಹತ್ತಿರದಿಂದ ಮೈಸೂರಿಗೆ ಕಾವೇರಿ ನೀರು ತರಲು ತೋಡಿಸಿದ ನಾಲೆಗೆ ಬಹಳ ಹಣ ಸುರಿದರೂ ನೀರು ಹರಿಯಲಿಲ್ಲ. ಪೂರ್ಣಯ್ಯ ನಾಲೆ ಎಂಬ ಹೆಸರಷ್ಟೇ ಉಳಿಯಿತು.

ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ತಪ್ಪದೆ ಸಲ್ಲಬೇಕಿತ್ತು. ಅದನ್ನು ಸಲ್ಲಿಸಿಯೂ 1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮೇಲ್ಪಟ್ಟು ಹಣವಿತ್ತಂತೆ. ಇಂಗ್ಲಿಷರು ಇದನ್ನು ಕೊಂಡಾಡಿದರು. ಬೊಕ್ಕಸ ತುಂಬುವುದನ್ನೇ ಒಳ್ಳೆಯ ಆಡಳಿತವೆಂದು ತಿಳಿದರೆಂದು ಆಕ್ಷೇಪಿಸಿದವರೂ ಉಂಟು. ಅಷ್ಟು ಹಣ ರೈತನ ಕಣದಿಂದಲ್ಲದೆ ಬೇರೆಲ್ಲಿಂದ ಬಂದೀತು? ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ.

1807ರಲ್ಲಿ ಅವರಿಗೆ ಯಳಂದೂರು ಜಹಗೀರು ದೊರೆಯಿತು. ಮುಪ್ಪಿನಲ್ಲಿ ಶ್ರೀರಂಗಪಟ್ಟಣಕ್ಕೇ ಬಂದು ನೆಲೆಸಿ, 1812ರಲ್ಲಿ ಅಲ್ಲೇ ತೀರಿಕೊಂಡರು.