ವರ್ಣತಪಸ್ವಿ ರುಮಾಲೆ ಚನ್ನಬಸವಯ್ಯನವರು

ಯಲಹಂಕದಿಂದ ಉತ್ತರಾಭಿಮುಖವಾಗಿ ಸಾಗುವ ಹಾದಿಯಲ್ಲಿರುವ ದೊಡ್ಡಬಳ್ಳಾಪುರವು ಮಗ್ಗಗಳಿಗೆ ಹೆಸರಾದ ಊರು. ಅಲ್ಲಿ 1910ರಲ್ಲಿ ಜನಿಸಿದ ರುಮಾಲೆ ಚನ್ನಬಸವಯ್ಯನವರು ನಾಡಸೇವೆಯಲ್ಲಿಯೂ ಕಲಾಸೇವೆಯಲ್ಲಿಯೂ ತಮ್ಮ ಬಾಳನ್ನು ಸವೆಸಿದ ಮಹನೀಯರು.

ಅ. ನ. ಸುಬ್ಬರಾಯರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದ ಕಲಾಮಂದಿರದಲ್ಲಿಯೂ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿಯೂ ಅವರು ಚಿತ್ರವಿದ್ಯೆಯನ್ನು ಅಭ್ಯಸಿಸಿದರು. ಕೈ ಪಳಗುತ್ತಿದ್ದ ಆ ವಯಸ್ಸಿನಲ್ಲಿಯೇ ಸ್ವಾತಂತ್ರ್ಯ ಸಂಗ್ರಾಮದ ಕರೆ ಬಂದಿತು. ಕುಂಚವನ್ನು ಬದಿಗಿಟ್ಟು ಸೇವಾದಳವನ್ನು ಸೇರಿದರು, ಸೆರೆವಾಸವನ್ನನುಭವಿಸಿದರು. ಸ್ವಾತಂತ್ರ್ಯಾನಂತರ ತಾಯಿನಾಡು ಪತ್ರಿಕೆಯ ಸಂಪಾದಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ ದುಡಿದರು. ಹೀಗೆ ಕಲಾವಿದನ ಪಾಲಿಗೆ ಅತ್ಯಮೂಲ್ಯವಾದ ಯೌವನದ ವರ್ಷಗಳು ನಾಡಿಗೆ ಸಂದುಹೋದವು.

ಆದರೆ ಒಳಗಿನ ಕಲೆ ಬತ್ತಿರಲಿಲ್ಲ. 1960ರ ದಶಕದಲ್ಲಿ, ಐವತ್ತು ದಾಟಿದ ಮೇಲೆ, ಅಧಿಕಾರದ ಹಾದಿಯನ್ನು ತೊರೆದು ಅವರು ಮತ್ತೆ ವರ್ಣೋಪಾಸನೆಗೆ ತೊಡಗಿದರು. ಲಾಲ್‌ಬಾಗ್, ಕಬ್ಬನ್ ಉದ್ಯಾನ, ಬೆಂಗಳೂರಿನ ಸಾಲುಮರಗಳ ಬೀದಿಗಳು ಅವರ ಚಿತ್ರಶಾಲೆಗಳಾದವು.

ಕಲಾರಸಿಕರು ಅವರ ಕೃತಿಗಳನ್ನು ಫ್ರಾನ್ಸ್ ದೇಶದ ಇಂಪ್ರೆಷನಿಸ್ಟ್ ಪಂಥದೊಡನೆ ಹೋಲಿಸುವುದುಂಟು. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನವನ್ನೇರ್ಪಡಿಸಿದ ಆ ಚಿತ್ರಕಾರರು, ವಸ್ತುವಿಗಿಂತಲೂ ಅದರ ಮೇಲೆ ಬಿದ್ದ ಕ್ಷಣಕಾಲದ ಬೆಳಕನ್ನು ಬಿಡಿಬಿಡಿಯಾದ ಕುಂಚಸ್ಪರ್ಶಗಳಿಂದ ಹಿಡಿಯಲೆಳಸಿದರು. ಅವರಲ್ಲೊಬ್ಬಳಾದ ಬರ್ತ್ ಮೊರಿಸೊ ಎಂಬಾಕೆ, ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡುತ್ತ ಕುಳಿತ ತನ್ನ ಅಕ್ಕನನ್ನು 1872ರಲ್ಲಿ ಚಿತ್ರಿಸಿದಳು. ಆ ಭಾವಚಿತ್ರದ ಆತ್ಮೀಯತೆ ಹುಟ್ಟಿದ್ದು ದೀರ್ಘಕಾಲದ ಒಡನಾಟದಿಂದ.

ರುಮಾಲೆಯವರು ಅಂತಹ ಆತ್ಮೀಯತೆಯನ್ನು ಮರಗಳಿಗೆ ಸಲ್ಲಿಸಿದರು. ಬಯಲಿನಲ್ಲಿಯೇ ನಿಂತು, ಗುಲ್‌ಮೊಹರಿನ ಕೆಂಪನ್ನೂ ಜಕರಂಡದ ನೀಲಿಯನ್ನೂ ಕಣ್ಣಾರೆ ಕಂಡಂತೆ ಚಿತ್ರಿಸಿದರು. ಅವರ ಚಿತ್ರದಲ್ಲಿ ಹೂಬಿಟ್ಟ ಮರವು ಹಿನ್ನೆಲೆಯ ಅಲಂಕಾರವಲ್ಲ. ಹೆಸರು ಹಿಡಿದು ಕರೆಯಬಹುದಾದ ಒಬ್ಬ ನೆಂಟ. ಆದುದರಿಂದ ಅವುಗಳನ್ನು ವೃಕ್ಷಗಳ ಭಾವಚಿತ್ರಗಳೆಂದರೆ ಅತಿಶಯೋಕ್ತಿಯಾಗದು.

1988ರಲ್ಲಿ ರಸ್ತೆ ಅಪಘಾತವೊಂದರಲ್ಲಿ ಅವರು ಅಸುನೀಗಿದರು. ಆ ಬಳಿಕ ನಗರವು ಹೆಬ್ಬಾಳ, ಯಲಹಂಕಗಳನ್ನು ದಾಟಿ ಅವರ ಹುಟ್ಟೂರಿನತ್ತ ಬೆಳೆಯಿತು. ರಸ್ತೆಗಳು ಅಗಲವಾದಂತೆ ಎಷ್ಟೋ ಮರಗಳು ಉರುಳಿದವು. ಹಿಂದಿನ ಬೆಂಗಳೂರು ಹೂತಳೆದು ನಿಂತ ಬಗೆಯನ್ನು ಇಂದಿನ ಮಕ್ಕಳು ಅವರ ಚಿತ್ರಗಳಲ್ಲಿ ಕಾಣಬೇಕಾಗಿದೆ.

ನಾಡಿಗಾಗಿ ಕಲೆಯನ್ನು ಬದಿಗಿಡುವುದು ತ್ಯಾಗ. ಮೂರು ದಶಕಗಳ ಅನಂತರ ಕಲೆಗೆ ಹಿಂದಿರುಗಿ ಅದನ್ನು ಸಿದ್ಧಿಸಿಕೊಳ್ಳುವುದು ತಪಸ್ಸು. ಈ ಎರಡನ್ನೂ ಒಂದೇ ಬಾಳಿನಲ್ಲಿ ಸಾಧಿಸಿದ ರುಮಾಲೆಯವರ ಚರಿತೆಯು ವಿದ್ಯಾರ್ಥಿಗಳಿಗೂ ಅವರನ್ನು ತಿದ್ದುವ ಗುರುಗಳಿಗೂ ದಾರಿದೀಪವಾಗಲಿ.