ಸಹಕಾರ ಪಿತಾಮಹ ಸಿದ್ಧನಗೌಡ ಪಾಟೀಲರು

ನಾಡಿನ ಚರಿತ್ರೆಯಲ್ಲಿ ಹೆಸರುಳಿಸಿಕೊಂಡವರಲ್ಲಿ ಅರಸರುಂಟು, ಕವಿಗಳುಂಟು, ಯತಿವರ್ಯರುಂಟು. ಸಾಲ ಸೋಲಗಳ ಲೆಕ್ಕದ ಪುಸ್ತಕವೊಂದನ್ನು ಊರವರೆಲ್ಲರ ಮುಂದೆ ತೆರೆದಿಟ್ಟು ಹೆಸರುಳಿಸಿಕೊಂಡವರು ವಿರಳ. ಅಂಥ ವಿರಳರಲ್ಲಿ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಗ್ರಗಣ್ಯರು. ಹಳ್ಳಿಯ ಸಹಕಾರ ಸಂಘದ ಬಾಗಿಲನ್ನು ನಾವು ದಿನವೂ ಕಾಣುತ್ತೇವೆ. ಆ ಬಾಗಿಲನ್ನು ಮೊದಲು ತೆರೆದವರನ್ನು ನೆನೆಯುವವರು ಕಡಮೆ. ಶ್ರೀಮಠದ ಆಶ್ರಯದಲ್ಲಿ ಅಕ್ಷರ ಕಲಿತು ಇಂದು ಅನೇಕ ಸಂಘ ಸಂಸ್ಥೆಗಳ ಹೊಣೆ ಹೊತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ, ವಿಶ್ವಾಸವಿಟ್ಟು ದಾನ ಮಾಡುತ್ತಿರುವ ಮಹನೀಯರಿಗೂ ಈ ಪುಣ್ಯಪುರುಷರ ಚರಿತ್ರೆ ಅವಶ್ಯ ತಿಳಿದಿರಬೇಕು.

ಗದಗಿನ ಸಮೀಪದ ಕಣಗಿನಹಾಳವು ಎರೆಭೂಮಿಯ ನಡುವಿನ ಒಂದು ಗ್ರಾಮ. ಇಂದು ಅದು ಗದಗ ಜಿಲ್ಲೆಗೆ ಸೇರಿದ್ದರೂ ಆ ಕಾಲಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿಯ ಲಿಂಗಾಯತ ಪಾಟೀಲ ಮನೆತನದಲ್ಲಿ, ಸಣ್ಣರಾಮನಗೌಡರ ಪುತ್ರರಾಗಿ ಸಿದ್ಧನಗೌಡರು 1843ರಲ್ಲಿ ಜನಿಸಿದರು. ಪಾಟೀಲಿಕೆಯೆಂದರೆ ಬರಿಯ ಬಿರುದಲ್ಲ. ಸರಕಾರದ ಕಂದಾಯಕ್ಕೆ ಉತ್ತರ ಹೇಳುವವನು ಪಾಟೀಲ. ಊರವರ ಕಷ್ಟ ಸುಖಗಳಿಗೆ ಕಿವಿಗೊಡಬೇಕಾದವನೂ ಅವನೇ. ಕಂದಾಯದ ಕಾಲ ಬಂದಾಗ ಯಾರ ಮನೆಯಲ್ಲಿ ಹಣವಿದೆ, ಯಾರು ಸಾಹುಕಾರನ ಮನೆಯ ಮೆಟ್ಟಿಲು ಹತ್ತಿ ಬಂದಿದ್ದಾರೆ ಎಂಬುದು ಅವನಿಗೆ ತಿಳಿಯದೆ ಇರುವಂತಿರಲಿಲ್ಲ.

ಮುಂಗಾರು ತಪ್ಪಿದರೆ ಎರೆಯ ನಾಡಿಗೆ ಬೇರೆ ಗತಿಯಿಲ್ಲ. ಪಾಟೀಲರು ಮೂವತ್ತಮೂರರ ಹರೆಯದಲ್ಲಿದ್ದಾಗ, 1876ರಲ್ಲಿ, ಧಾತು ಸಂವತ್ಸರದ ಮಹಾಕ್ಷಾಮವು ತೊಡಗಿ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿತು. ಧಾರವಾಡ ಸೀಮೆಯೂ ಅದರ ಬಾಯಿಗೆ ಬಿತ್ತು. ಶತಮಾನದ ಕೊನೆಯಲ್ಲಿ, 1896–97ರಲ್ಲಿಯೂ 1899–1900ರಲ್ಲಿಯೂ, ಮುಂಬಯಿ ಪ್ರಾಂತಕ್ಕೆ ಮತ್ತೆ ಬರಗಾಲಗಳು ಬಂದವು. ಬರದಲ್ಲಿ ದನ ಹೋಗುತ್ತವೆ, ಬೀಜ ಹೋಗುತ್ತದೆ. ಮಳೆ ಮರಳಿ ಬಂದಾಗ ಎತ್ತು ಬೀಜಗಳಿಗಾಗಿ ರೈತನು ಸಾಲ ಮಾಡಲೇಬೇಕು. ಹೆಚ್ಚಿನ ಬಡ್ಡಿಗೆ ತೆಗೆದ ಆ ಸಾಲವು ಬೆಳೆದು, ಬೆಳೆಯನ್ನು ನುಂಗಿ, ಕಡೆಗೆ ಭೂಮಿಯನ್ನೇ ನುಂಗುತ್ತಿತ್ತು. ಹೊಲದಲ್ಲಿ ನಿಂತ ಹತ್ತಿ ರೈತನದಾದರೂ ಅದರ ಬೆಲೆ ಮುಂಗಡ ಕೊಟ್ಟವನ ಕೈಯಲ್ಲಿರುತ್ತಿತ್ತು.

ಈ ವ್ಯಥೆಯು ಗದಗಿನ ಸೀಮೆಗೆ ಮಾತ್ರ ಸೀಮಿತವಾಗಿರಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಸರಕಾರವು 1879ರಲ್ಲಿ ದಖ್ಖಣದ ರೈತರ ರಕ್ಷಣೆಗೆ ಕಾಯಿದೆ ಮಾಡಿತು. 1883 ಮತ್ತು 1884ರ ಕಾಯಿದೆಗಳ ಮೂಲಕ ತಗಾವಿ ಸಾಲ ಕೊಡತೊಡಗಿತು. ಇವುಗಳಿಂದ ರೋಗವು ಕೊಂಚ ತಗ್ಗಿತೇ ಹೊರತು ಬೇರು ಉಳಿಯಿತು. ಸಾಲಕೊಡುವವನು ಹೊರಗಿನವನಾಗಿರುವವರೆಗೆ, ಅವನು ಸಾಹುಕಾರನಾಗಲಿ ಸರಕಾರವಾಗಲಿ, ರೈತನು ಬೇಡುವವನಾಗಿಯೇ ಉಳಿಯುತ್ತಿದ್ದನು.

ಬೇರನ್ನು ಕೀಳುವ ಉಪಾಯವು ಜರ್ಮನಿಯಲ್ಲಿ ಆಗಲೇ ರೂಢಿಗೆ ಬಂದಿತ್ತು. ಅಲ್ಲಿಯ ಗ್ರಾಮೀಣ ಸಾಲಸಂಘಗಳ ಜನಕನಾದ ರೈಫೈಸನ್ ಎಂಬಾತನೂ ಕೂಡ ಒಂದು ಗ್ರಾಮಾಂತರದ ಮುಖ್ಯಾಧಿಕಾರಿಯೇ ಆಗಿದ್ದನೆಂಬುದು ಗಮನಾರ್ಹ. ಆ ಪದ್ಧತಿಯನ್ನು ಅಭ್ಯಾಸ ಮಾಡಿದ ಮದ್ರಾಸಿನ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯು 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನು ಒಪ್ಪಿಸಿದನು. ಅನಂತರ ಒಂದು ಸಮಿತಿಯ ವಿಚಾರಣೆಯೂ ನಡೆದು, ಕರ್ಜನನು ವೈಸರಾಯನಾಗಿದ್ದಾಗ, 1904ರ ಮಾರ್ಚಿಯಲ್ಲಿ ಸಹಕಾರಿ ಸಾಲಸಂಘಗಳ ಕಾಯಿದೆಯು ಜಾರಿಗೆ ಬಂದಿತು.

ಕಾಯಿದೆಯೇನೋ ಬಂದಿತು, ಅದನ್ನು ನಂಬಿ ಮುಂದೆ ಬರುವ ಹಳ್ಳಿ ಬೇಕಾಗಿತ್ತು. 1905ರಲ್ಲಿ ಕಣಗಿನಹಾಳವು ಮುಂದೆ ಬಂದಿತು. ಅರವತ್ತು ದಾಟಿದ ಸಿದ್ಧನಗೌಡರ ಮುಂದಾಳುತನದಲ್ಲಿ ಅಲ್ಲಿ ಸ್ಥಾಪಿತವಾದ ಕೃಷಿ ಸಾಲ ಸಹಕಾರ ಸಂಘವನ್ನು ಭಾರತದ ಪ್ರಥಮ ಕೃಷಿ ಸಹಕಾರ ಸಂಘವೆಂದು ಕನ್ನಡನಾಡು ಗೌರವಿಸುತ್ತ ಬಂದಿದೆ. ತಮ್ಮ ತಿರೂರಿನ ಸಂಘವೇ ಮೊದಲನೆಯದೆಂದು ತಮಿಳುನಾಡಿನವರು ಹೇಳುವುದುಂಟು. ಆ ವಾದವು ಹೇಗೇ ಇರಲಿ, ಹಿಂದೆ ಯಾರ ಹೆಜ್ಜೆಯೂ ಮೂಡದ ಹಾದಿಯಲ್ಲಿ ಇವರು ಕಾಲಿಟ್ಟರೆಂಬುದರಲ್ಲಿ ಸಂದೇಹವಿಲ್ಲ.

ಆ ಹೆಜ್ಜೆಯ ಮಹತ್ತ್ವವು ತಿಳಿಯಬೇಕಾದರೆ ಆಗಿನ ಕಾಯಿದೆಯ ಪ್ರಕಾರ ಸಂಘವೊಂದು ಹೇಗೆ ಹುಟ್ಟುತ್ತಿತ್ತೆಂಬುದನ್ನು ಅರಿಯಬೇಕು. ಹದಿನೆಂಟು ವರ್ಷ ಮೀರಿದ ಹತ್ತು ಮಂದಿಯಾದರೂ ಕೂಡಬೇಕು. ಅವರು ಒಂದೇ ಊರಿನವರೋ ನೆರೆಯೂರಿನವರೋ ಆಗಿ ಪರಸ್ಪರ ಬಲ್ಲವರಾಗಿರಬೇಕು. ಗ್ರಾಮ ಸಂಘವಾದರೆ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಜನ ಬೇಸಾಯಗಾರರೇ ಇರಬೇಕು. ಸಂಘದ ಉದ್ದೇಶ ಮತ್ತು ಆಡಳಿತ ಕ್ರಮಗಳನ್ನು ತಿಳಿಸುವ ಉಪವಿಧಿಗಳನ್ನು ಬರೆದು ಸರಕಾರವು ನೇಮಿಸಿದ ನಿಬಂಧಕರಿಗೆ, ಎಂದರೆ ರಿಜಿಸ್ಟ್ರಾರರಿಗೆ, ಒಪ್ಪಿಸಬೇಕು. ಅವರು ಪರಿಶೀಲಿಸಿ, ಕಾಯಿದೆಗೆ ಒಪ್ಪಿತವೆಂದು ಕಂಡರೆ ನೋಂದಣಿ ಮಾಡುವರು. ಆ ಕ್ಷಣದಿಂದ ಹತ್ತು ಜನರ ಗುಂಪು ಒಂದು ಶರೀರವಾಗುತ್ತದೆ. ಅದು ತನ್ನ ಹೆಸರಿನಲ್ಲಿ ಆಸ್ತಿಯನ್ನು ಪಡೆಯಬಲ್ಲುದು, ಕರಾರು ಮಾಡಬಲ್ಲುದು, ನ್ಯಾಯಾಲಯದಲ್ಲಿ ನಿಲ್ಲಬಲ್ಲುದು. ಸದಸ್ಯರು ಬರುತ್ತಾರೆ, ಹೋಗುತ್ತಾರೆ, ಸಂಘವು ಇರುತ್ತದೆ. ದೀಕ್ಷೆಯಿಂದ ಮನುಷ್ಯನಿಗೆ ಎರಡನೆಯ ಜನ್ಮವೆನ್ನುವಂತೆ, ನೋಂದಣಿಯಿಂದ ಜನಸಮೂಹಕ್ಕೊಂದು ಹೊಸ ಜನ್ಮವೆಂದರೆ ತಪ್ಪಾಗದು.

ದೀಕ್ಷೆಯೆಂದ ಮೇಲೆ ನೇಮಗಳಿರಲೇಬೇಕು. ಸಂಘವು ಸದಸ್ಯರಿಗಲ್ಲದೆ ಅನ್ಯರಿಗೆ ಸಾಲ ಕೊಡಕೂಡದು. ಗ್ರಾಮ ಸಂಘಗಳಲ್ಲಿ ಲಾಭವನ್ನು ಹಂಚಿಕೊಳ್ಳದೆ ಆಪದ್ಧನಕ್ಕೆ ಸೇರಿಸಬೇಕು. ಎಲ್ಲಕ್ಕಿಂತ ಕಠಿನವಾದ ನೇಮವು ಅಪರಿಮಿತ ಹೊಣೆಯದು. ಗ್ರಾಮ ಸಂಘವು ತೀರಿಸಲಾರದ ಸಾಲಕ್ಕೆ ಸಿಕ್ಕಿಬಿದ್ದರೆ, ಆ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸರ್ವಸ್ವದಿಂದ ಬಾಧ್ಯನು. ತಾನು ಕೊಟ್ಟ ನಾಲ್ಕಾರು ರೂಪಾಯಿ ಹೋಯಿತೆಂದು ಕೈ ಕೊಡವಿ ಏಳುವಂತಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಆಲೋಚಿಸಬೇಕು. ಒಂದೆರಡು ಎಕರೆಯ ಬಡವನು ಇಂಥ ಸಂಘಕ್ಕೆ ಸೇರಿದರೆ ಅವನು ಒಡ್ಡುವುದು ಆ ಒಂದೆರಡು ಎಕರೆಯನ್ನು. ಪಾಟೀಲ ಮನೆತನದ ಹಿರಿಯನು ಸೇರಿದರೆ ಅವನು ಒಡ್ಡುವುದು ತಲೆತಲಾಂತರದ ಆಸ್ತಿಯನ್ನು. ನೆರೆಯವನು ಸಾಲ ತೀರಿಸದೆ ಹೋದರೆ ಲೇಣಿದಾರರ ಕಣ್ಣು ಮೊದಲು ಬೀಳುವುದು ಉಳ್ಳವನ ಮನೆಯ ಮೇಲೆ. ಹೀಗಿದ್ದೂ ಸಂಘದ ಸಭೆಯಲ್ಲಿ ಅವನಿಗಿರುವುದು ಒಂದೇ ಮತ. ಒಂದೆರಡು ಎಕರೆಯವನಿಗೂ ಒಂದೇ ಮತ. ಹೆಚ್ಚಿನ ಹೊಣೆಯನ್ನೂ ಸಮಾನವಾದ ಅಧಿಕಾರವನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಗೌಡಿಕೆಯ ಗತ್ತಿಗೆ ಸುಲಭವಾದ ಮಾತಲ್ಲ. ಸಿದ್ಧನಗೌಡರು ಅದನ್ನು ಒಪ್ಪಿಕೊಂಡರು. ಅವರ ಇಡೀ ಜೀವನದ ಸಾರವು ಈ ಒಂದು ಒಪ್ಪಿಗೆಯಲ್ಲಿದೆ. ದಾಸೋಹವೆಂಬುದು ಮಿಕ್ಕದ್ದನ್ನು ಕೊಡುವುದಷ್ಟೇ ಅಲ್ಲವೆಂದೂ, ಕೊಡುವವನೆಂಬ ಅಹಂಕಾರವನ್ನು ಕಳೆದುಕೊಳ್ಳುವುದೆಂದೂ ನಾವು ಶರಣರಿಂದ ತಿಳಿದಿದ್ದೇವೆ. ಆ ತತ್ತ್ವವು ಲೆಕ್ಕದ ಪುಸ್ತಕದಲ್ಲಿಯೂ ನಿಲ್ಲಬಲ್ಲುದೆಂಬುದಕ್ಕೆ ಕಣಗಿನಹಾಳವು ನಿದರ್ಶನ.

ನೋಂದಣಿಯೊಡನೆ ನಿಬಂಧಕರ ಕೆಲಸವು ಮುಗಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಸಂಘದ ಲೆಕ್ಕವನ್ನು ಅವರು ತಾವಾಗಿ ಅಥವಾ ತಮ್ಮ ಅಧಿಕಾರ ಪಡೆದವರಿಂದ ಪರಿಶೋಧಿಸಬೇಕು. ಬಾಕಿ ಬಿದ್ದ ಸಾಲಗಳೆಷ್ಟು, ಪುಸ್ತಕದಲ್ಲಿರುವ ಹಣ ಪೆಟ್ಟಿಗೆಯಲ್ಲಿಯೂ ಇದೆಯೇ ಎಂಬುದನ್ನು ನೋಡಬೇಕು. ಸಂಘದ ಸ್ಥಿತಿಯು ಕೆಟ್ಟಿತೆಂದು ಕಂಡರೆ ವಿಚಾರಣೆ ನಡೆಸಬೇಕು. ತಿದ್ದಲಾಗದಷ್ಟು ಕೆಟ್ಟಿದ್ದರೆ ನೋಂದಣಿಯನ್ನು ರದ್ದುಮಾಡಿ, ಆಸ್ತಿ ಹೊಣೆಗಳನ್ನು ತೀರಿಸಲು ಸಮಾಪಕರನ್ನು ನೇಮಿಸಬೇಕು. ಜನ್ಮ ಕೊಡುವ ಕೈಯೇ ಅಂತ್ಯವನ್ನೂ ವಿಧಿಸಬಲ್ಲ ಈ ಅಧಿಕಾರವು ದೊಡ್ಡದು. ಆದುದರಿಂದಲೇ ನಿಬಂಧಕನು ದಂಡಾಧಿಕಾರಿಗಿಂತ ಹೆಚ್ಚಾಗಿ ಗುರುವಾಗಿರಬೇಕೆಂದು ಆಗಿನ ಹಿರಿಯರು ಆಶಿಸಿದ್ದರು. ಹಳ್ಳಿಗಳಿಗೆ ಹೋಗಿ ಲೆಕ್ಕವಿಡುವುದನ್ನು ಕಲಿಸುವುದೂ, ತಪ್ಪನ್ನು ಮೊಳಕೆಯಲ್ಲಿಯೇ ತೋರಿಸಿಕೊಡುವುದೂ ಅವನ ಕರ್ತವ್ಯಗಳಾಗಿದ್ದವು.

ನಿಬಂಧಕರ ಕಣ್ಣು ವರ್ಷಕ್ಕೊಮ್ಮೆ ಬೀಳುವಂಥದು. ದಿನದಿನದ ಕಣ್ಣು ಸದಸ್ಯರದೇ ಆಗಬೇಕು. ಅಪರಿಮಿತ ಹೊಣೆಯ ಗುಣವು ಇಲ್ಲಿದೆ. ನೆರೆಯವನ ಸಾಲಕ್ಕೆ ನನ್ನ ಹೊಲವೇ ಹೊಣೆಯಾದಾಗ, ಅವನು ಎತ್ತಿಗೆಂದು ತೆಗೆದ ಹಣದಿಂದ ಎತ್ತನ್ನೇ ಕೊಂಡನೋ ಇಲ್ಲವೋ ಎಂಬುದನ್ನು ನೋಡದೆ ನನಗೆ ನಿದ್ರೆ ಬಾರದು. ಯಾವ ಪರಿಶೋಧಕನೂ ಮಾಡಲಾರದ ಪರಿಶೋಧನೆಯನ್ನು ಊರಿನ ಕಟ್ಟೆಯೇ ಮಾಡುತ್ತಿತ್ತು.

ಕಣಗಿನಹಾಳದ ದೀಪದಿಂದ ದೀಪಗಳು ಹೊತ್ತಿದವು. ಸಾಲವಲ್ಲದ ಇತರ ಉದ್ದೇಶಗಳಿಗೂ ಸಂಘ ಕಟ್ಟಲು 1912ರ ಕಾಯಿದೆಯು ಅವಕಾಶವಿತ್ತಿತು. 1919ರ ಸುಧಾರಣೆಗಳಿಂದ ಸಹಕಾರವು ಪ್ರಾಂತಗಳ ಅಧೀನಕ್ಕೆ ಬಂದು, 1925ರಲ್ಲಿ ಮುಂಬಯಿ ಪ್ರಾಂತವು ತನ್ನದೇ ಕಾಯಿದೆಯನ್ನು ಮಾಡಿಕೊಂಡಿತು. ಇಷ್ಟೆಲ್ಲ ಬೆಳವಣಿಗೆಗೆ ಸಾಕ್ಷಿಯಾಗಿ ಬಾಳಿ, ತೊಂಬತ್ತರ ಇಳಿವಯಸ್ಸಿನಲ್ಲಿ, 1933ರಲ್ಲಿ ಸಿದ್ಧನಗೌಡರು ಲಿಂಗೈಕ್ಯರಾದರು. ನಾಡು ಅವರನ್ನು ಸಹಕಾರ ಪಿತಾಮಹರೆಂದು ಕರೆಯಿತು.

ನಮ್ಮ ಸೀಮೆಯ ಕಡೆಗೆ ತಿರುಗೋಣ. ಕಣಗಿನಹಾಳದ ಸಂಘವು ಹುಟ್ಟಿದ 1905ರಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಸಂಘಗಳ ಕಾನೂನನ್ನು ಹೊರಡಿಸಿತು. ಏಕೀಕರಣದ ತರುವಾಯ ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು ಸೀಮೆಗಳಿಗೆ ಏಕರೂಪವಾದ 1959ರ ಸಹಕಾರ ಸಂಘಗಳ ಅಧಿನಿಯಮವು ಬಂದಿತು. ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳ ವ್ಯವಸಾಯ ಸೇವಾ ಸಂಘಗಳೂ, ಹಾಲು ಉತ್ಪಾದಕರ ಸಂಘಗಳೂ, ಕಾಡಂಚಿನ ಗಿರಿಜನರ ಲ್ಯಾಂಪ್ಸ್ ಸಂಘಗಳೂ ಇದೇ ಅಧಿನಿಯಮದ ಅಡಿಯಲ್ಲಿವೆ. ರಾಜ್ಯಕ್ಕೊಬ್ಬ ನಿಬಂಧಕರು, ಅವರ ಕೈಕೆಳಗೆ ಜಿಲ್ಲೆಗೆ ಉಪನಿಬಂಧಕರು, ಉಪವಿಭಾಗಕ್ಕೆ ಸಹಾಯಕ ನಿಬಂಧಕರು. ಲೆಕ್ಕಪರಿಶೋಧನೆಗೆ ಬೇರೆಯೇ ಇಲಾಖೆಯಿದೆ. ಸಂಘದ ಹಣವನ್ನು ದುರುಪಯೋಗಪಡಿಸಿದವರಿಂದ ಆ ನಷ್ಟವನ್ನು ವಸೂಲು ಮಾಡಿಸುವ ಅಧಿಕಾರವೂ, ಸಂಘದೊಳಗಿನ ವ್ಯಾಜ್ಯಗಳನ್ನು ತೀರ್ಮಾನಿಸುವ ಅಧಿಕಾರವೂ ನಿಬಂಧಕರಿಗಿವೆ. ಸರಕಾರದ ಹಿಡಿತವು ಕಡಮೆಯಾಗಿ ಸಂಘಗಳು ಸ್ವತಂತ್ರವಾಗಿ ನಡೆಯಲೆಂದು 1997ರ ಸೌಹಾರ್ದ ಸಹಕಾರಿ ಅಧಿನಿಯಮವೂ ಬಂದಿದೆ. ಸಹಕಾರ ಸಂಘ ಕಟ್ಟುವುದು ನಾಗರಿಕರ ಮೂಲಭೂತ ಹಕ್ಕೆಂದು 2011ರಲ್ಲಿ ಅಂಗೀಕೃತವಾದ ಸಂವಿಧಾನದ ತೊಂಬತ್ತೇಳನೆಯ ತಿದ್ದುಪಡಿಯು ಸಾರಿತು. ಅದೇ ತಿದ್ದುಪಡಿಯು ರಾಜ್ಯಗಳ ಸಂಘಗಳಿಗೆ ವಿಧಿಸಿದ್ದ ವಿವರವಾದ ನಿಯಮಗಳು ನಿಲ್ಲವೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ರಾಜ್ಯದ ಸಂಘಗಳಿಗೆ ರಾಜ್ಯದ ಕಾಯಿದೆಯೇ ಪ್ರಮಾಣವೆಂಬುದು ಅದರಿಂದ ಸ್ಪಷ್ಟವಾಯಿತು.

ಕಾಯಿದೆಯು ಬೆಳೆದಿದೆ, ಅಧಿಕಾರಿಗಳು ಹೆಚ್ಚಿದ್ದಾರೆ. ಆದರೂ ಠೇವಣಿಯಿಟ್ಟ ಬಡವರು ಮುಚ್ಚಿದ ಬಾಗಿಲ ಮುಂದೆ ನಿಂತ ಸುದ್ದಿಗಳನ್ನು ಆಗಾಗ ಓದುತ್ತೇವೆ. ಇದಕ್ಕೆ ಕಾರಣವನ್ನು ಹುಡುಕುವಾಗ ನಮ್ಮೂರಿನ ಸಂಘದ ಫಲಕವನ್ನೊಮ್ಮೆ ನೋಡಬೇಕು. ಹೆಸರಿನ ಕೊನೆಗೆ ‘ನಿಯಮಿತ’ ಎಂಬ ಮಾತಿದೆ. ಸದಸ್ಯನ ಹೊಣೆಯು ಅವನ ಪಾಲುಹಣಕ್ಕೆ ಮಿತವಾದುದೆಂದು ಅದರ ತಾತ್ಪರ್ಯ. ಸಿದ್ಧನಗೌಡರ ಕಾಲದ ಅಪರಿಮಿತ ಹೊಣೆಯನ್ನು ಇಂದು ಹೊರಿಸುವುದು ಸಾಧುವಲ್ಲ. ಬಡವನಿಗೆ ಅದು ಭಾರವೇ ಸರಿ. ಹಣದ ಹೊಣೆಯು ಮಿತವಾದಂತೆ ಮನಸ್ಸಿನ ಹೊಣೆಯೂ ಮಿತವಾಗಿಬಿಟ್ಟಿತೆಂಬುದೇ ವಿಷಾದದ ಸಂಗತಿ. ವಾರ್ಷಿಕ ಮಹಾಸಭೆಗೆ ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಉಪಾಹಾರ ಮುಗಿಸಿ ಏಳುತ್ತಾರೆ. ಪರಿಶೋಧನಾ ವರದಿಯನ್ನು ಓದಿಸಿ ಕೇಳುವವರು ಬೆರಳೆಣಿಕೆಯವರು. ಪರಿಶೋಧಕನು ಬರುವುದು ವರ್ಷ ಕಳೆದ ಮೇಲೆ. ವಿಚಾರಣೆಯು ತೊಡಗುವುದು ಹಣ ಹೋದ ಮೇಲೆ. ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ಕೇಳಿಕೊಂಡರೆ ನಿಬಂಧಕರು ವಿಚಾರಣೆ ನಡೆಸಲು ಕಾಯಿದೆಯಲ್ಲಿ ಅವಕಾಶವಿದೆ. ಕೇಳುವ ಬಾಯಿಯೇ ಇಲ್ಲದಿದ್ದರೆ ಆ ಅವಕಾಶವಿದ್ದೂ ಫಲವೇನು?

ಎನ್. ಬೇಗೂರಿನಂಥ ಹಳ್ಳಿಯಿಂದ ಹೊರಟ ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ನಾಳೆ ಸಂಘಗಳ ನಿರ್ದೇಶಕರೋ ಕಾರ್ಯದರ್ಶಿಗಳೋ ಆಗುವವರು. ಅದಕ್ಕೂ ಮಿಗಿಲಾಗಿ ಎಲ್ಲರೂ ಸದಸ್ಯರಾಗುವವರು. ಕೂಡಿಸುವುದು, ಕಳೆಯುವುದು, ಬಡ್ಡಿ ಕಟ್ಟುವುದು ಇವುಗಳನ್ನು ನಾವು ಅವರಿಗೆ ಕಲಿಸುತ್ತೇವೆ. ಅದರೊಡನೆ ಹತ್ತು ಜನರ ಎದುರಿಗೆ ಎದ್ದು ನಿಂತು ವಿನಯದಿಂದ ಲೆಕ್ಕ ಕೇಳುವುದನ್ನೂ, ಕೇಳಿದವನ ಮೇಲೆ ಮುನಿಯದೆ ಲೆಕ್ಕ ಒಪ್ಪಿಸುವುದನ್ನೂ ಕಲಿಸಿದರೆ ಗುರುಗಳಾದ ನಮ್ಮ ಕಾಯಕವು ಪೂರ್ಣವಾದೀತು. ದಾನಿಗಳು ಕೊಟ್ಟ ಪ್ರತಿಯೊಂದು ಕಾಸಿಗೂ ಲೆಕ್ಕವಿರಬೇಕೆಂಬ ನಿಷ್ಠೆಯು ವಿದ್ಯಾಸಂಸ್ಥೆಗೂ ಅಷ್ಟೇ ಅನ್ವಯಿಸುತ್ತದೆ. ಕಣಗಿನಹಾಳದ ಆ ಹಿರಿಯರು ಒಂದು ಮತಕ್ಕೆ ತೃಪ್ತರಾಗಿ ಸರ್ವಸ್ವವನ್ನೂ ಹೊಣೆಯಾಗಿಟ್ಟರು. ಅಷ್ಟು ದೊಡ್ಡ ಹೊಣೆಯನ್ನು ಕಾಲವು ಇಂದು ನಮ್ಮಿಂದ ಬೇಡುತ್ತಿಲ್ಲ. ವರ್ಷಕ್ಕೊಂದು ದಿನ ಸಭೆಯಲ್ಲಿ ಕಡೆಯವರೆಗೆ ಕುಳಿತು ಲೆಕ್ಕವನ್ನು ಕೇಳಿರೆಂದಷ್ಟೇ ಬೇಡುತ್ತಿದೆ. ಅಷ್ಟನ್ನು ಸಲ್ಲಿಸುವುದೇ ಸಿದ್ಧನಗೌಡರಿಗೆ ನಾವು ಅರ್ಪಿಸಬಹುದಾದ ಉಚಿತವಾದ ಗೌರವ.